ಚಿನ್ನದ ತಟ್ಟೆಯ ಕನ್ನಡಕ್ಕೆ ಚಪ್ಪಾಳೆ ಸಾಕು, ಆಕಾಶಕ್ಕೆ ಕಿವಿಗೊಡುವ ಲೆಕ್ಕ ಕಲಿಯಿರಿ



1977ರಲ್ಲಿ ಅಮೆರಿಕದ ನಾಸಾ ಹಾರಿಸಿದ ಎರಡು ವಾಯೇಜರ್ ನೌಕೆಗಳಲ್ಲಿ ಚಿನ್ನದ ಲೇಪ ಕೊಟ್ಟ ಒಂದೊಂದು ತಾಮ್ರದ ತಟ್ಟೆ ಇದೆ. ನಮ್ಮ ಅಜ್ಜಂದಿರ ಕಾಲದ ಗ್ರಾಮಫೋನ್ ತಟ್ಟೆಯ ಹಾಗೆ ಗೀರು ಕೊರೆದ ತಟ್ಟೆ. ಅದರಲ್ಲಿ ಭೂಮಿಯ 55 ಭಾಷೆಗಳ ಶುಭಾಶಯ. ಆ 55ರಲ್ಲಿ ಕನ್ನಡವೂ ಒಂದು. ರಾಜ್ಯೋತ್ಸವ ಬಂತೆಂದರೆ ಮೈಕ್ ಹಿಡಿದವರೆಲ್ಲ ಈ ಮಾತು ಹೇಳುತ್ತಾರೆ. 'ನಮ್ಮ ಕನ್ನಡ ನಕ್ಷತ್ರಗಳ ಕಡೆ ಹೊರಟಿದೆ!' ಚಪ್ಪಾಳೆ ಬೀಳುತ್ತದೆ. ಬೀಳಲಿ. ನಾನೂ ತಟ್ಟಿದ್ದೇನೆ.

ಆದರೆ ಸ್ವಲ್ಪ ಯೋಚಿಸಿ ನೋಡಿ. ಆ ತಟ್ಟೆ ಅಲ್ಲಿ ಮಾತಾಡುತ್ತಿಲ್ಲ. ಅದು ಗಂಟು ಕಟ್ಟಿ ಕಳಿಸಿದ ಸಾಮಾನು. ಯಾರಾದರೂ ಸಿಕ್ಕಿ, ಮುಳ್ಳು ಇಟ್ಟು ತಿರುಗಿಸಿದರೆ ಮಾತ್ರ ಅದಕ್ಕೆ ದನಿ. ಇಷ್ಟು ವರ್ಷ ಭೂಮಿಯ ಜೊತೆ ಮಾತಾಡುತ್ತ ಬಂದಿರುವುದು ಅದೇ ನೌಕೆಯ ಮೇಲಿನ ಪುಟ್ಟ ಟ್ರಾನ್ಸ್‌ಮಿಟರ್. ಅದರ ಶಕ್ತಿ ಸುಮಾರು 20 ವ್ಯಾಟ್. ನಿಮ್ಮ ಮನೆಯ ಒಂದು ಸಣ್ಣ ಬಲ್ಬಿನಷ್ಟು. 2025ರಲ್ಲಿ ವಾಯೇಜರ್-1 ನಮ್ಮಿಂದ ಸುಮಾರು 2500 ಕೋಟಿ ಕಿಲೋಮೀಟರ್ ದೂರದಲ್ಲಿತ್ತು. ಬೆಳಕಿನ ವೇಗದಲ್ಲಿ ಬಂದರೂ ಅದರ ಸಿಗ್ನಲ್‌ಗೆ 23 ಗಂಟೆ ಹಿಡಿಯುತ್ತಿತ್ತು.

70 ಮೀಟರ್ ಅಗಲದ ಡಿಶ್ ಒಡ್ಡಿದರೆ ಅದರೊಳಗೆ ಬಂದು ಬೀಳುವ ಶಕ್ತಿ ಎಷ್ಟು ಗೊತ್ತೇ? ಒಂದು ವ್ಯಾಟನ್ನು ಒಂದು ಕೋಟಿ ಪಾಲು ಮಾಡಿ. ಅದರಲ್ಲಿ ಒಂದು ಪಾಲನ್ನು ಮತ್ತೆ ಕೋಟಿ ಪಾಲು ಮಾಡಿ. ಅದರಲ್ಲಿ ಒಂದನ್ನು ಹತ್ತು ಸಾವಿರ ಪಾಲು ಮಾಡಿ. ಅಷ್ಟೂ ಇಲ್ಲ! ಆಕಾಶದ ಸದ್ದು, ಯಂತ್ರದ ಒಳಗಿನ ಬಿಸಿಯ ಸದ್ದು, ಎಲ್ಲದರ ನಡುವೆ ಇದೊಂದು ಪಿಸುಮಾತು. ಅದನ್ನು ಕೇಳಿಸಿಕೊಂಡದ್ದು ಹೇಗೆ?

ಡಿಶ್ ದೊಡ್ಡದು, ಒಪ್ಪಿದೆ. ಅದಷ್ಟರಿಂದಲೇ ಆಗುವ ಕೆಲಸ ಅಲ್ಲ. ಕೇಳಿಸಿದ್ದು ಲೆಕ್ಕದಿಂದ. ಕೂಡು, ಕಳೆ, ಗುಣಿಸು, ಹೋಲಿಸು. ಈ ಲೆಕ್ಕಕ್ಕೆ ಡಿಜಿಟಲ್ ಸಿಗ್ನಲ್ ಸಂಸ್ಕರಣೆ ಎಂದು ದೊಡ್ಡ ಹೆಸರು. ಹೆಸರು ದೊಡ್ಡದೆಂದು ಹೆದರಿ ಓಡಿದವರು ನಾವು. ನನ್ನ ಇವತ್ತಿನ ಜಗಳ ಆ ಹೆದರಿಕೆಯ ಮೇಲೆ.

ರಾಕೆಟ್‌ಗೆ ಹಾರ, ಲೆಕ್ಕಕ್ಕೆ ಬೆನ್ನು

ನಾನು ಪಿಯುಸಿ ಓದಿ ಪ್ರಿಂಟಿಂಗ್ ಪ್ರೆಸ್ ಹಾಕಿಕೊಂಡವನು. ವಿಜ್ಞಾನಿ ಅಲ್ಲ. ಊರಿನವರು ಏನು ಬರೆಯುತ್ತಾರೆ, ಯಾವುದನ್ನು ಹೆಮ್ಮೆಯಿಂದ ಅಚ್ಚು ಹಾಕಿಸುತ್ತಾರೆ ಎಂಬುದು ಮಾತ್ರ ನನ್ನ ಕಣ್ಣ ಮುಂದೆ ಹಾದುಹೋಗುತ್ತದೆ. 2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ಮೇಲೆ ಇಳಿಯಿತಲ್ಲ, ಆಮೇಲೆ ಒಂದು ಕಾಲೇಜಿನ ಸ್ಮರಣ ಸಂಚಿಕೆ ನಮ್ಮಲ್ಲಿಗೆ ಅಚ್ಚಿಗೆ ಬಂತು. ಚಂದಮಾಮನ ಮೇಲೆ ಕವಿತೆಗಳು. ರಾಕೆಟ್‌ನ ಚಿತ್ರಗಳು. ಬಾವುಟ. ಗಣ್ಯರ ಸಂದೇಶ. ಎಲ್ಲ ಚೆನ್ನಾಗಿತ್ತು. ಆದರೆ ಚಂದ್ರನ ನೆಲದ ಆ ಫೋಟೊ 3 ಲಕ್ಷ 84 ಸಾವಿರ ಕಿಲೋಮೀಟರ್ ದಾಟಿ ಇಲ್ಲಿಗೆ ಬಂದದ್ದು ಹೇಗೆ ಎಂದು ಇಡೀ ಸಂಚಿಕೆಯಲ್ಲಿ ಒಂದೇ ಒಂದು ಸಾಲು ಇಲ್ಲ. ವಿಜ್ಞಾನ ವಿಭಾಗದ ಹುಡುಗರೇ ತಂದ ಸಂಚಿಕೆ ಸ್ವಾಮಿ ಅದು!

ಅವರನ್ನಷ್ಟೇ ಬೈದು ಫಲವಿಲ್ಲ. ನಮ್ಮೆಲ್ಲರ ರೂಢಿಯೇ ಅದು. ಬೆಂಕಿ ಉಗುಳಿ ಮೇಲೇರುವ ರಾಕೆಟ್‌ಗೆ ಹಾರ ಹಾಕುತ್ತೇವೆ. ಮೂಲೆಯಲ್ಲಿ ಕೂತು ಸೊನ್ನೆ-ಒಂದುಗಳ ಗೋಜಲು ಬಿಡಿಸುವವನಿಗೆ ನಮಸ್ಕಾರವೂ ಇಲ್ಲ. ಆ ಬಿಡಿಸುವ ಕೆಲಸ ನಿಂತರೆ ಮೇಲಿರುವ ಉಪಗ್ರಹ ಬರೀ ತಗಡು. ಹಾಗಾದರೆ ಆ ಕೆಲಸ ಏನು? ಬನ್ನಿ, ನನಗೆ ಗೊತ್ತಿರುವ ಅಚ್ಚುಕೂಟದ ಭಾಷೆಯಲ್ಲೇ ಹೇಳುತ್ತೇನೆ.

ಫೋಟೊ ಎಂದರೆ ಚುಕ್ಕಿ, ಚುಕ್ಕಿ ಎಂದರೆ ಅಂಕಿ

ಪತ್ರಿಕೆಯ ಒಂದು ಫೋಟೊವನ್ನು ಭೂತಕನ್ನಡಿಯಲ್ಲಿ ನೋಡಿ. ಮುಖ ಇಲ್ಲ, ಕಣ್ಣು ಇಲ್ಲ, ಬರೀ ಚುಕ್ಕಿ. ದೊಡ್ಡ ಚುಕ್ಕಿ ಇದ್ದಲ್ಲಿ ಕಪ್ಪು, ಸಣ್ಣ ಚುಕ್ಕಿ ಇದ್ದಲ್ಲಿ ಬೂದು. ಉಪಗ್ರಹದ ಕ್ಯಾಮೆರಾ ಮಾಡುವುದೂ ಇದನ್ನೇ. ಚಿತ್ರವನ್ನು ಚುಕ್ಕಿಗಳಾಗಿ ಒಡೆದು, ಪ್ರತಿ ಚುಕ್ಕಿಯ ಕಪ್ಪು-ಬಿಳುಪನ್ನು ಒಂದು ಅಂಕಿಯಾಗಿ ಬರೆಯುತ್ತದೆ. ಆ ಅಂಕಿಯನ್ನು ಸೊನ್ನೆ-ಒಂದುಗಳಾಗಿ ಕಳಿಸುತ್ತದೆ. ಒಂದು ಸೊನ್ನೆ ಅಥವಾ ಒಂದು ಎಂದರೆ ಒಂದು ಬಿಟ್.

1965ರ ಜುಲೈನಲ್ಲಿ ಮ್ಯಾರಿನರ್-4 ನೌಕೆ ಮಂಗಳ ಗ್ರಹದ ಹತ್ತಿರ ಹಾದು ಮೊದಲ ಸಮೀಪಚಿತ್ರಗಳನ್ನು ಕಳಿಸಿತು. ಪ್ರತಿ ಚಿತ್ರದಲ್ಲಿ 200 ಸಾಲು, ಸಾಲಿಗೆ 200 ಚುಕ್ಕಿ. ಒಟ್ಟು 40 ಸಾವಿರ. ಪ್ರತಿ ಚುಕ್ಕಿಗೆ 6 ಬಿಟ್. ಅಂದರೆ 2 ಲಕ್ಷ 40 ಸಾವಿರ ಬಿಟ್. ಕಳಿಸುವ ವೇಗವೋ, ಸೆಕೆಂಡಿಗೆ ಎಂಟೂ ಚಿಲ್ಲರೆ ಬಿಟ್. ಭಾಗಿಸಿ ನೋಡಿ. ಒಂದು ಫೋಟೊ ಬರಲು ಎಂಟು ಗಂಟೆ! ಕಾಯಲಾರದ ಎಂಜಿನಿಯರುಗಳು ಬರುತ್ತಿದ್ದ ಅಂಕಿಗಳನ್ನು ಕಾಗದದ ಪಟ್ಟಿಗಳ ಮೇಲೆ ಅಚ್ಚು ಮಾಡಿ, ಗೋಡೆಗೆ ಸಾಲಾಗಿ ಅಂಟಿಸಿ, ಬಣ್ಣದ ಕಡ್ಡಿ ಹಿಡಿದು ಅಂಕಿ ನೋಡಿಕೊಂಡು ಕೈಯಾರೆ ಬಣ್ಣ ತುಂಬಿದರು. ಮಂಗಳದ ಮೊದಲ ಸಮೀಪಚಿತ್ರ ಭೂಮಿಯ ಮೇಲೆ ಮೂಡಿದ್ದು ಹೀಗೆ, ಮಕ್ಕಳು ಚಿತ್ರಕ್ಕೆ ಬಣ್ಣ ತುಂಬುವ ಹಾಗೆ. ಇದರಲ್ಲಿ ಯಾವ ಮಾಯಾಜಾಲ ಇದೆ ಹೇಳಿ?

ಚುಕ್ಕಿ ಎಷ್ಟು ಒತ್ತಾಗಿರಬೇಕು ಎಂಬುದಕ್ಕೂ ನಿಯಮ ಉಂಟು. ಪ್ರೆಸ್‌ಗೆ ಹೊಸದಾಗಿ ಸೇರಿದ ಹುಡುಗ ಹಳೇ ಪತ್ರಿಕೆಯ ಫೋಟೊವನ್ನೇ ಸ್ಕ್ಯಾನ್ ಮಾಡಿ ಮತ್ತೆ ಅಚ್ಚಿಗೆ ಹಾಕಿದರೆ, ಮುಖದ ಮೇಲೆಲ್ಲ ರೇಷ್ಮೆ ಸೀರೆಯ ಅಲೆಯಂತೆ ಪಟ್ಟೆ ಏಳುತ್ತದೆ. ಮೂಲದಲ್ಲಿ ಇಲ್ಲದ ಪಟ್ಟೆ! ನಾವು ಅದಕ್ಕೆ ಮೊಯರೆ ಎನ್ನುತ್ತೇವೆ. ಸಿಗ್ನಲ್‌ನವರು ಬೇರೆ ಹೆಸರಿಟ್ಟಿದ್ದಾರೆ, ರೋಗ ಒಂದೇ. ಅಲೆ ಎಷ್ಟು ಬೇಗ ಏರಿಳಿಯುತ್ತದೋ ಅದರ ಎರಡು ಪಟ್ಟಿಗಿಂತ ಹೆಚ್ಚು ಸಲ ಅಳೆಯದಿದ್ದರೆ ಸುಳ್ಳು ಅಲೆ ಹುಟ್ಟುತ್ತದೆ. ಮನುಷ್ಯನ ಮಾತಿಗೆ ಟೆಲಿಫೋನಿನವರು ಸೆಕೆಂಡಿಗೆ 8000 ಸಲ ಅಳೆಯುವ ಪದ್ಧತಿ ಮಾಡಿದ್ದು ಇದೇ ಕಾರಣಕ್ಕೆ. ಒಂದೊಂದು ಅಳತೆಗೆ 8 ಬಿಟ್, ಸೆಕೆಂಡಿಗೆ 64 ಸಾವಿರ ಬಿಟ್.

ಮೆಜೆಸ್ಟಿಕ್‌ನಲ್ಲಿ ಕಂಡಕ್ಟರ್ ಕೂಗು

ಇನ್ನು ಸದ್ದಿನ ಮಾತು. ಹಬ್ಬದ ಹಿಂದಿನ ರಾತ್ರಿ ಮೆಜೆಸ್ಟಿಕ್ ಬಸ್ ನಿಲ್ದಾಣಕ್ಕೆ ಹೋಗಿ ನಿಲ್ಲಿ. ನೂರು ಬಾಯಿ, ನೂರು ಹಾರ್ನ್. ಆದರೂ ಮೂಲೆಯಲ್ಲಿ ಕಂಡಕ್ಟರ್ 'ಹುಬ್ಳಿ ಹುಬ್ಳಿ ಹುಬ್ಳಿ' ಎಂದದ್ದು ಹುಬ್ಬಳ್ಳಿಗೆ ಹೋಗುವವನ ಕಿವಿಗೆ ಬೀಳುತ್ತದೆ. ಅವನ ದನಿ ಉಳಿದವರಿಗಿಂತ ಜೋರು ಅಂತಲ್ಲ. ಅದರ ತಾಳ ನಿಮಗೆ ಮೊದಲೇ ಗೊತ್ತು. ಕಿವಿ ಆ ತಾಳವನ್ನೇ ಹುಡುಕುತ್ತಿರುತ್ತದೆ.

ಜಿಪಿಎಸ್, ನಮ್ಮ ನಾವಿಕ್ ಉಪಗ್ರಹಗಳು ನಡೆಯುವುದು ಈ ತತ್ವದ ಮೇಲೆ. ಹಲವು ಉಪಗ್ರಹಗಳು ಒಂದೇ ತರಂಗದಲ್ಲಿ ಒಟ್ಟಿಗೆ ಕೂಗುತ್ತವೆ. ಪ್ರತಿಯೊಂದಕ್ಕೂ ತನ್ನದೇ ಒಂದು ತಾಳ: 1023 ಸೊನ್ನೆ-ಒಂದುಗಳ ಮಾಲೆ. ನಿಮ್ಮ ಫೋನ್ ತಲುಪುವ ಹೊತ್ತಿಗೆ ಆ ಸಿಗ್ನಲ್ ಸದ್ದಿಗಿಂತಲೂ ಕೆಳಗೆ ಮುಳುಗಿರುತ್ತದೆ. ಫೋನ್ ತನ್ನಲ್ಲಿರುವ ಮಾಲೆಯನ್ನು ಬಂದ ಸಿಗ್ನಲ್ ಮೇಲೆ ಸರಿಸುತ್ತ ಸರಿಸುತ್ತ ಗುಣಿಸಿ ಕೂಡುತ್ತದೆ. ತಾಳ ಕೂಡದಿದ್ದಲ್ಲಿ ಮೊತ್ತ ಸೊನ್ನೆಯ ಹತ್ತಿರ. ತಾಳ ಕೂಡಿದ ಕ್ಷಣ ಮೊತ್ತ ತಟ್ಟನೆ ಏಳುತ್ತದೆ. ಸಿಕ್ಕಿಬಿಟ್ಟ! ಸದ್ದು ದಿಕ್ಕಾಪಾಲಾಗಿರುವುದರಿಂದ ಕೂಡಿದಷ್ಟೂ ತಮ್ಮತಮ್ಮಲ್ಲೇ ಹೊಡೆದಾಡಿ ಕರಗುತ್ತದೆ. ಸಿಗ್ನಲ್ ಒಂದೇ ದಿಕ್ಕಿನಲ್ಲಿ ನಿಂತು ಬೆಳೆಯುತ್ತದೆ. ಸ್ವಿಗ್ಗಿ ಹುಡುಗ ನಿಮ್ಮ ಗಲ್ಲಿ ಹುಡುಕಿ ಬರುವುದರ ಹಿಂದೆ ಇರುವುದು ಈ ಗುಣಾಕಾರ ಮತ್ತು ಸಂಕಲನ.

ಲಗ್ನಪತ್ರಿಕೆಯಲ್ಲಿ ಅಡಗಿದ ಗುಟ್ಟು

ಸಿಗ್ನಲ್ ಹಿಡಿದದ್ದಾಯಿತು. ಆದರೂ ನಡುವೆ ಒಂದೆರಡು ಬಿಟ್ ಕೆಟ್ಟೇ ಕೆಡುತ್ತದೆ. ಸೊನ್ನೆ ಹೋಗಿ ಒಂದಾಗುತ್ತದೆ. ವಾಯೇಜರ್‌ಗೆ 'ಏನಂದೆ? ಇನ್ನೊಮ್ಮೆ ಹೇಳು' ಎಂದರೆ ಮಾತು ಹೋಗಿ ಉತ್ತರ ಬರಲು ಎರಡು ದಿನ ಬೇಕು. ಏನು ಮಾಡುವುದು?

ಇದಕ್ಕೆ ನಮ್ಮ ಲಗ್ನಪತ್ರಿಕೆಯಲ್ಲಿ ಉತ್ತರ ಇದೆ. ಮದುವೆಯ ದಿನಾಂಕ ಒಂದು ಬರೆದರೆ ಸಾಲದೇ? ದಿನಾಂಕ 14, ಭಾನುವಾರ, ಇಂಥ ತಿಥಿ ಎಂದು ಒಂದೇ ದಿನವನ್ನು ಮೂರು ಸಲ ಬರೆಯುತ್ತೇವೆ. ಕಂಪೋಸ್ ಮಾಡುವಾಗ 14 ಇರಬೇಕಾದಲ್ಲಿ 17 ಬಿತ್ತು ಅನ್ನಿ. ಪಂಚಾಂಗ ತೆರೆದರೆ 17 ಬುಧವಾರ. ಪತ್ರಿಕೆಯಲ್ಲಿ ಭಾನುವಾರ ಎಂದಿದೆ. ತಪ್ಪು ಇದೆ ಎಂದು ಗೊತ್ತಾಯಿತು. ತಪ್ಪು ಎಲ್ಲಿ? ತಿಥಿ ನೋಡಿ. ತಿಥಿ ಭಾನುವಾರದ ಕಡೆ ಸಾಕ್ಷಿ ಹೇಳಿದರೆ ಕಳ್ಳ ಸಿಕ್ಕಿಬಿದ್ದ. ಯಾರಿಗೂ ಫೋನ್ ಮಾಡದೆ ತಪ್ಪು ತಿದ್ದಿತು. ಅದೇ ಪತ್ರಿಕೆಯ ಕೆಳಗಿರುವ ಫೋನ್ ನಂಬರಿನಲ್ಲಿ ಒಂದಂಕಿ ತಪ್ಪಿದರೆ? ದೇವರೇ ಗತಿ. ಏಕೆಂದರೆ ಅದಕ್ಕೆ ಸಾಕ್ಷಿ ಹೇಳುವವರು ಯಾರೂ ಇಲ್ಲ.

ಅಂಕಿಗಳಲ್ಲೂ ಹೀಗೇ ಸಾಕ್ಷಿ ಇಡಬಹುದು. ಒಂದು ಕಾಗದ ತೆಗೆದುಕೊಂಡು ಒಂಬತ್ತು ಅಂಕಿ ಬರೆಯಿರಿ. ಮೊದಲ ಸಾಲು 4, 7, 2. ಎರಡನೆಯದು 5, 1, 6. ಮೂರನೆಯದು 3, 8, 9. ಅಡ್ಡ ಮೊತ್ತ 13, 12, 20. ಉದ್ದ ಮೊತ್ತ 12, 16, 17. ಈಗ ಗೆಳೆಯನಿಗೆ ಕಾಗದ ಕೊಟ್ಟು, ನಡುವಿನ 1 ಅನ್ನು 7 ಎಂದು ತಿದ್ದಿಸಿ. ನೀವು ಕೂಡಿ ನೋಡಿ. ಎರಡನೇ ಅಡ್ಡಸಾಲು 12ರ ಬದಲು 18. ಎರಡನೇ ಉದ್ದಸಾಲು 16ರ ಬದಲು 22. ಎರಡೂ ಕಡೆ 6 ಹೆಚ್ಚು. ಎರಡು ಸಾಲೂ ಸೇರುವ ಜಾಗದಲ್ಲೇ ತಪ್ಪು. 7ರಲ್ಲಿ 6 ಕಳೆದರೆ 1. ತಪ್ಪು ಸಿಕ್ಕಿತು, ತಿದ್ದಿಯೂ ಆಯಿತು. ಕಿರಾಣಿ ಅಂಗಡಿಯ ಗುಮಾಸ್ತನಿಗೂ ಗೊತ್ತಿರುವ ಈ ವಿದ್ಯೆಯೇ ಬಾಹ್ಯಾಕಾಶದ ಅಡಿಪಾಯ.

1950ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ರಿಚರ್ಡ್ ಹ್ಯಾಮಿಂಗ್ ಇದನ್ನು ಬಿಟ್‌ಗಳಿಗೆ ಹೊಂದಿಸಿ, 4 ಬಿಟ್ ಸುದ್ದಿಗೆ 3 ಬಿಟ್ ಕಾವಲಿಟ್ಟರೆ ಯಾವ ಒಂದು ಬಿಟ್ ಕೆಟ್ಟರೂ ತಿದ್ದಬಹುದು ಎಂದು ತೋರಿಸಿದ. 1960ರಲ್ಲಿ ಇರ್ವಿಂಗ್ ರೀಡ್ ಮತ್ತು ಗುಸ್ಟಾವ್ ಸೊಲೊಮನ್ ಇನ್ನೂ ದೂರ ಹೋದರು. ಅವರ ಉಪಾಯದ ತಿರುಳು ಇಷ್ಟು: ಸರಳರೇಖೆ ಎಳೆಯಲು ಎರಡು ಚುಕ್ಕಿ ಸಾಕು. ನೀವು ಅದೇ ರೇಖೆಯ ಮೇಲಿನ ಐದು ಚುಕ್ಕಿ ಕಳಿಸಿ. ದಾರಿಯಲ್ಲಿ ಒಂದು ಚುಕ್ಕಿ ಅಡ್ಡ ಬಿದ್ದರೆ ಉಳಿದ ನಾಲ್ಕು ಒಂದೇ ಸಾಲಿನಲ್ಲಿ ನಿಂತು 'ಅವನೇ ಕಳ್ಳ' ಎಂದು ಬೆರಳು ತೋರಿಸುತ್ತವೆ. ರೇಖೆಯ ಬದಲು ಬಾಗಿದ ವಕ್ರರೇಖೆ ತೆಗೆದುಕೊಂಡರೆ ಇನ್ನೂ ಹೆಚ್ಚು ಸುದ್ದಿ ತುಂಬಬಹುದು. ಬಾಹ್ಯಾಕಾಶದವರು ಬಳಸುವ ಕೋಡ್‌ನಲ್ಲಿ 223 ಬೈಟ್ ಸುದ್ದಿಗೆ 32 ಬೈಟ್ ಕಾವಲು. ಆ 255ರಲ್ಲಿ ಯಾವ 16 ಬೈಟ್ ಹಾಳಾಗಿ ಬಂದರೂ ಸುದ್ದಿ ಪೂರ್ತಿ ಕೈಗೆ ಸಿಗುತ್ತದೆ.

ವಾಯೇಜರ್ ಹೊರಟಾಗಲೇ ಈ ಕೋಡ್ ಹಾಕುವ ಯಂತ್ರವನ್ನು ಅದರಲ್ಲಿ ಇಟ್ಟಿದ್ದರು. ಗುರು, ಶನಿ ಗ್ರಹಗಳ ಚಿತ್ರಗಳಿಗೆ ಬಳಸಿದ ಹಿಂದಿನ ಕೋಡ್‌ನಲ್ಲಿ ಸುದ್ದಿಯಷ್ಟೇ ಕಾವಲೂ ಬೇಕಿತ್ತು. 1986ರಲ್ಲಿ ವಾಯೇಜರ್-2 ಯುರೇನಸ್ ಮುಟ್ಟುವ ಹೊತ್ತಿಗೆ ರೀಡ್-ಸೊಲೊಮನ್‌ಗೆ ಬದಲಾಯಿಸಿದರು. ಚಿತ್ರಗಳನ್ನು ಹಿಂಡಿ ಚಿಕ್ಕದು ಮಾಡುವ ಕೆಲಸವನ್ನೂ ನೌಕೆಯಲ್ಲೇ ಶುರುಮಾಡಿದರು. ಬೇಡದ ಪುನರುಕ್ತಿಯನ್ನು ಹಿಂಡಿ ತೆಗೆ, ಬೇಕಾದ ಪುನರುಕ್ತಿಯನ್ನು ಲೆಕ್ಕ ಹಾಕಿ ಸೇರಿಸು. ಒಳ್ಳೆಯ ಸಂಪಾದಕ ಮಾಡುವ ಕೆಲಸವೂ ಇದೇ ಅಲ್ಲವೇ?

ಇದನ್ನು ನೋಡಲು ಯುರೇನಸ್‌ವರೆಗೆ ಹೋಗಬೇಕಿಲ್ಲ. ನಿಮ್ಮ ಬೀದಿಯ ಟೀ ಅಂಗಡಿಯ ಗಾಜಿನ ಮೇಲೆ ಅಂಟಿಸಿದ ಕ್ಯೂಆರ್ ಸ್ಟಿಕ್ಕರ್ ನೋಡಿ. ಬಿಸಿಲಿಗೆ ಮಾಸಿದೆ, ಒಂದಿಷ್ಟು ಕೆರೆದುಹೋಗಿದೆ. ಆದರೂ ಹತ್ತು ರೂಪಾಯಿ ಸರಿಯಾಗಿ ಅವನಿಗೇ ಹೋಗುತ್ತದೆ. ಅದರೊಳಗೆ ಕೂತಿರುವುದೂ ರೀಡ್-ಸೊಲೊಮನ್ ಕೋಡೇ. ನಾವು ಅಂಥ ಸ್ಟಿಕ್ಕರ್‌ಗಳನ್ನು ಸಾವಿರಗಟ್ಟಲೆ ಅಚ್ಚು ಹಾಕುತ್ತೇವೆ, ನೀವು ದಿನಕ್ಕೆ ಹತ್ತು ಸಲ ಸ್ಕ್ಯಾನ್ ಮಾಡುತ್ತೀರಿ. ಅದರ ಹಿಂದಿನ ಸರಳರೇಖೆಯ ಕಥೆ ನಿಮಗೆ ಯಾರಾದರೂ ಹೇಳಿದ್ದರೇ?

ಕೆಟ್ಟ ಕೈಬರಹ ಓದುವ ವಿದ್ಯೆ

ಅಚ್ಚುಕೂಟಕ್ಕೆ ಬರುವ ಹಸ್ತಪ್ರತಿಗಳಲ್ಲಿ ಕೆಲವು ಬ್ರಹ್ಮನಿಗೂ ಓದಲಾಗದಂಥವು. ಒಂದು ಅಕ್ಷರ 'ಪ'ವೋ 'ಷ'ವೋ ತಿಳಿಯುವುದಿಲ್ಲ. ಪಳಗಿದ ಕಂಪೋಸಿಟರ್ ಅಲ್ಲೇ ತೀರ್ಮಾನ ಕೊಡುವುದಿಲ್ಲ. ಎರಡನ್ನೂ ಮನಸ್ಸಿನಲ್ಲಿ ಇಟ್ಟುಕೊಂಡು ಮುಂದೆ ಓದುತ್ತಾನೆ. ನಾಲ್ಕು ಅಕ್ಷರ ದಾಟಿದ ಮೇಲೆ ಒಂದು ದಾರಿ ಅರ್ಥವಾಗುತ್ತದೆ, ಇನ್ನೊಂದು ಮುರಿದುಬೀಳುತ್ತದೆ. ಆಗ ಹಿಂದಕ್ಕೆ ಬಂದು 'ಪ' ಎಂದು ಕೂರಿಸುತ್ತಾನೆ.

1967ರಲ್ಲಿ ಆಂಡ್ರ್ಯೂ ವಿಟರ್ಬಿ ಪ್ರಕಟಿಸಿದ ವಿಧಾನ ಇದೇ. ಬಂದ ಪ್ರತಿ ಬಿಟ್‌ಗೂ ಅವಸರದ ತೀರ್ಪು ಬೇಡ. ಇರಬಹುದಾದ ದಾರಿಗಳನ್ನೆಲ್ಲ ಜೊತೆಗಿಟ್ಟುಕೊಂಡು ನಡೆ. ಪ್ರತಿ ಹೆಜ್ಜೆಗೂ ಸೋತ ದಾರಿಗಳನ್ನು ಕೈಬಿಡು. ಕೊನೆಗೆ ಉಳಿದದ್ದೇ ಸರಿ. ವಾಯೇಜರ್‌ನ ಸಿಗ್ನಲ್‌ಗೆ ಈ ವಿಧಾನವೇ ಮೊದಲ ಜರಡಿ. ಅದು ಸೋಸಿ ಉಳಿದ ತಪ್ಪನ್ನು ರೀಡ್-ಸೊಲೊಮನ್ ಹಿಡಿಯುತ್ತದೆ.

ಇವರೆಲ್ಲರಿಗಿಂತ ಮೊದಲು, 1948ರಲ್ಲೇ, ಕ್ಲಾಡ್ ಶಾನನ್ ಎಂಬಾತ ಒಂದು ಮಾತನ್ನು ಸಾಧಿಸಿ ತೋರಿಸಿದ್ದ. ಎಷ್ಟೇ ಸದ್ದಿರುವ ದಾರಿಗೂ ಒಂದು ವೇಗದ ಮಿತಿ ಇದೆ. ಆ ಮಿತಿಯೊಳಗೆ ಕಳಿಸಿದರೆ ತಪ್ಪನ್ನು ಬೇಕಾದಷ್ಟು ಕಡಿಮೆ ಮಾಡಲು ಸಾಧ್ಯ. ಹೇಗೆ ಎಂದು ಮಾತ್ರ ಅವನು ಹೇಳಲಿಲ್ಲ. ಆ 'ಹೇಗೆ'ಯನ್ನು ಹುಡುಕಲು ಜಗತ್ತಿಗೆ ಸುಮಾರು 45 ವರ್ಷ ಹಿಡಿಯಿತು. 1993ರಲ್ಲಿ ಫ್ರಾನ್ಸ್‌ನವರು ಟರ್ಬೊ ಕೋಡ್ ತಂದು ಆ ಮಿತಿಯ ಹತ್ತಿರ ಹೋಗಿ ನಿಂತರು. ತಮಾಷೆ ಕೇಳಿ. ಅಷ್ಟೇ ಒಳ್ಳೆಯ ಇನ್ನೊಂದು ಕೋಡನ್ನು ರಾಬರ್ಟ್ ಗ್ಯಾಲಗರ್ 1960ರ ದಶಕದ ಆರಂಭದಲ್ಲೇ ಬರೆದಿಟ್ಟಿದ್ದ. ಅಂದಿನ ಕಂಪ್ಯೂಟರ್‌ಗಳಿಗೆ ಅದು ಭಾರವಾಯಿತು, ಜನ ಮರೆತರು. ಮೂವತ್ತು ವರ್ಷ ಧೂಳು ಹಿಡಿದು, 1990ರ ದಶಕದಲ್ಲಿ ಮತ್ತೆ ಎದ್ದು ಬಂತು. ಇವತ್ತು ಸ್ಯಾಟಲೈಟ್ ಟಿವಿಯ ಡಿವಿಬಿ-ಎಸ್2 ಪದ್ಧತಿಯಲ್ಲಿ, ನಿಮ್ಮ 5ಜಿ ಫೋನಿನಲ್ಲಿ ಅದೇ ಕೋಡ್ ದುಡಿಯುತ್ತಿದೆ.

ಮಲೆನಾಡಿನ ನೆಂಟರ ಮನೆಗೆ ಮಳೆಗಾಲದಲ್ಲಿ ಹೋದವರು ಇದರ ಮಹಿಮೆಯನ್ನೂ ಮಿತಿಯನ್ನೂ ಕಂಡಿರುತ್ತೀರಿ. 35,786 ಕಿಲೋಮೀಟರ್ ಎತ್ತರದಿಂದ ಬಂದ ಡಿಶ್ ಟಿವಿಯ ಸಿಗ್ನಲ್ಲನ್ನು ಕೊನೆಯ ನಾಲ್ಕು ಕಿಲೋಮೀಟರಿನ ಮಳೆ ಹನಿ ನುಂಗುತ್ತದೆ. ಹಿಂದಿನ ಟಿವಿಯಲ್ಲಾದರೆ ಸಿಗ್ನಲ್ ಸೋತಷ್ಟೂ ಚುಕ್ಕಿ ಚುಕ್ಕಿಯಾಗಿ ಚಿತ್ರ ಮಸುಕಾಗುತ್ತಿತ್ತು. ಈಗ ಹಾಗಲ್ಲ. ಕೋಡ್ ತಿದ್ದುವಷ್ಟು ಹೊತ್ತೂ ಕನ್ನಡಿಯಂಥ ಚಿತ್ರ. ಅದರ ಕೈ ಮೀರಿದ ಮರುಕ್ಷಣ ಚೌಕಚೌಕವಾಗಿ ಒಡೆದು ಪರದೆ ಕಪ್ಪು. ಆ ಚೌಕಗಳನ್ನು ನೋಡಿದಾಗ ಇನ್ನು ಮೇಲೆ ಟಿವಿಗೆ ಬಡಿಯಬೇಡಿ. ಅಷ್ಟು ಹೊತ್ತು ಸೋಲೊಪ್ಪದೆ ಹೋರಾಡಿದ ಲೆಕ್ಕ ಸೋತ ಕ್ಷಣ ಅದು.

ಎರಡು ದಿನಕ್ಕೊಂದು ಉತ್ತರ

2023ರ ನವೆಂಬರ್‌ನಲ್ಲಿ ವಾಯೇಜರ್-1ಕ್ಕೆ ಮರುಳು ಹಿಡಿಯಿತು. ಸಿಗ್ನಲ್ ಬರುತ್ತಿದೆ, ಆದರೆ ಸುದ್ದಿ ಇಲ್ಲ. ಅದೇ ಸೊನ್ನೆ-ಒಂದು ಮತ್ತೆ ಮತ್ತೆ. ಮೊಳೆಗಳೆಲ್ಲ ಚೆಲ್ಲಾಪಿಲ್ಲಿಯಾದ ಅಚ್ಚಿನ ಹಾಗೆ. ಒಂದು ಅಪ್ಪಣೆ ಕಳಿಸಿ ಉತ್ತರ ಕಾಣಲು ಸುಮಾರು 45 ಗಂಟೆ. ರಿಪೇರಿಗೆ ಮೆಕ್ಯಾನಿಕ್ ಕಳಿಸುವ ಮಾತೇ ಇಲ್ಲ.

2024ರ ಮಾರ್ಚ್‌ನಲ್ಲಿ ಬಂದ ಒಂದು ಸಿಗ್ನಲ್ ಸ್ವಲ್ಪ ಬೇರೆ ಥರ ಇತ್ತು. ಅದನ್ನು ಬಿಡಿಸಿ ಕೂತ ಒಬ್ಬ ಎಂಜಿನಿಯರ್‌ಗೆ ಅದರಲ್ಲಿ ಆ ಕಂಪ್ಯೂಟರಿನ ಇಡೀ ನೆನಪಿನ ನಕಲೇ ಇದೆ ಎಂದು ತಿಳಿಯಿತು. ಹಳೆಯ ನಕಲಿನ ಪಕ್ಕ ಇಟ್ಟು, ನಾವು ಪ್ರೂಫ್ ನೋಡುವ ಹಾಗೆ, ಹೋಲಿಸಿದರು. ನೆನಪಿನ ಶೇಕಡಾ 3ರಷ್ಟು ಭಾಗ ಕೆಟ್ಟಿತ್ತು. ಒಂದು ಚಿಪ್ ಸತ್ತಿತ್ತು. ಅಲ್ಲಿದ್ದ ಆದೇಶಗಳನ್ನು ತುಂಡು ಮಾಡಿ, ಒಳ್ಳೆಯ ಜಾಗಗಳಲ್ಲಿ ಹಂಚಿ ಕೂರಿಸಿದರು. ಏಪ್ರಿಲ್ 20ರಂದು ಐದು ತಿಂಗಳ ನಂತರ ಮೊದಲ ಸಲ ಅರ್ಥವಾಗುವ ಸುದ್ದಿ ಬಂತು.

ನಮ್ಮ ಕನ್ನಡ ಹೊತ್ತ ತಟ್ಟೆ ಇರುವ ನೌಕೆ ಅದು. ಅದನ್ನು ಮತ್ತೆ ಮಾತಾಡಿಸಿದ್ದು ಕಾಗದ, ಪೆನ್ಸಿಲ್, ತಾಳ್ಮೆ ಮತ್ತು ಲೆಕ್ಕ. ಅದು ಮಾತಾಡುವ ವೇಗ ಸೆಕೆಂಡಿಗೆ 160 ಬಿಟ್. ಒಂದು ಪುಟ ಕನ್ನಡದಲ್ಲಿ 2000 ಚಿಹ್ನೆ ಎಂದಿಟ್ಟುಕೊಳ್ಳಿ. ಕಂಪ್ಯೂಟರಿನಲ್ಲಿ ಒಂದೊಂದು ಕನ್ನಡ ಚಿಹ್ನೆಗೆ 3 ಬೈಟ್, ಅಂದರೆ 24 ಬಿಟ್. ಒಟ್ಟು 48 ಸಾವಿರ. ಆ ವೇಗದಲ್ಲಿ ಒಂದು ಪುಟ ಕನ್ನಡ ಐದು ನಿಮಿಷದಲ್ಲಿ ಬರುತ್ತದೆ. 2500 ಕೋಟಿ ಕಿಲೋಮೀಟರ್ ಆಚೆಯಿಂದ, ಒಂದು ಒತ್ತಕ್ಷರವೂ ತಪ್ಪದೆ! ನನಗೆ ರೋಮಾಂಚನವಾಗುವುದು ಈ ಲೆಕ್ಕ ಹಾಕಿದಾಗ.

ಹಿತ್ತಲ ಗಿಡ

ಇದೆಲ್ಲ ಅಮೆರಿಕದ ಮಾತಾಯಿತು ಎನ್ನುತ್ತೀರಾ? ನಿಮ್ಮ ಹಿತ್ತಲನ್ನೇ ನೋಡಿ.

1975ರ ಏಪ್ರಿಲ್ 19ರಂದು ಹಾರಿದ ಭಾರತದ ಮೊದಲ ಉಪಗ್ರಹ ಆರ್ಯಭಟ ತಯಾರಾದದ್ದು ಪೀಣ್ಯದ ಶೆಡ್ಡುಗಳಲ್ಲಿ. ಅದರ ಮುಂದಾಳು ಉಡುಪಿ ಬಳಿಯ ಅದಮಾರಿನ ಯು. ಆರ್. ರಾವ್. ಬೆಂಗಳೂರಿನಲ್ಲಿ ದತ್ತಾಂಶ ಸ್ವೀಕರಿಸಲು ಜಾಗವಿಲ್ಲದೆ ಒಂದು ಶೌಚಾಲಯವನ್ನೇ ಆ ಕೋಣೆಯಾಗಿ ಮಾಡಿಕೊಂಡರು ಎಂಬ ಮಾತು ಇಂದಿಗೂ ಪ್ರಚಲಿತ. 1982ರಿಂದ ಹಾಸನದ ಕೇಂದ್ರ ಇನ್ಸಾಟ್ ಉಪಗ್ರಹಗಳ ಕಡಿವಾಣ ಹಿಡಿದಿದೆ. ಬೆಂಗಳೂರಿನಿಂದ ಸುಮಾರು 40 ಕಿಲೋಮೀಟರ್ ದೂರದ ಬ್ಯಾಲಾಳುವಿನಲ್ಲಿ 18 ಮೀಟರ್ ಮತ್ತು 32 ಮೀಟರ್‌ನ ಡಿಶ್‌ಗಳು 2008ರ ಚಂದ್ರಯಾನ-1ಕ್ಕಾಗಿ ಎದ್ದು ನಿಂತವು. 2014ರಲ್ಲಿ ಮಂಗಳಯಾನದ ದನಿಯನ್ನು 20 ಕೋಟಿ ಕಿಲೋಮೀಟರಿಗೂ ಆಚೆಯಿಂದ ಆಲಿಸಿದ ಕಿವಿ ಅದೇ. ಮೈಸೂರು ರಸ್ತೆಯಲ್ಲಿ ಬೈಕ್ ಓಡಿಸುವ ನಿಮ್ಮಲ್ಲಿ ಎಷ್ಟು ಜನಕ್ಕೆ ಅದು ಗೊತ್ತು?

ಇನ್ನೊಂದು. ಬೆಂಗಳೂರು ಸಾಫ್ಟ್‌ವೇರ್ ನಗರ ಆದದ್ದು ಹೇಗೆ? 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿಗೆ ಬಂದು, ತನ್ನದೇ ಸ್ಯಾಟಲೈಟ್ ಕೊಂಡಿ ಹಾಕಿಕೊಂಡು, ಇಲ್ಲಿನ ಎಂಜಿನಿಯರುಗಳ ಕೆಲಸವನ್ನು ಸಮುದ್ರದಾಚೆ ಕಳಿಸತೊಡಗಿತು. ಅದೇ 1980ರ ದಶಕದಲ್ಲಿ ಸಿಗ್ನಲ್ ಸಂಸ್ಕರಣೆಗೆಂದೇ ಚಿಪ್ ಮಾಡಿ ಜಗತ್ತಿಗೆಲ್ಲ ಮಾರಿದ ಕಂಪನಿ ಅದು. 1991ರ ನಂತರ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್‌ನ ಡಿಶ್‌ಗಳು ಸಣ್ಣ ಕಂಪನಿಗಳಿಗೂ ಅದೇ ದಾರಿ ತೆರೆದವು. ಅಂದರೆ, ನೀವು ಕೆಲಸ ಹುಡುಕಿಕೊಂಡು ಅಲೆಯುವ ಆ ಗಾಜಿನ ಕಟ್ಟಡಗಳ ತಾಯಿಬೇರು ಆಕಾಶಕ್ಕೆ ಮುಖ ಮಾಡಿದ ಒಂದು ತಟ್ಟೆ. ಆ ತಟ್ಟೆಗೆ ಜೀವ ಕೊಟ್ಟದ್ದು ಈ ಲೆಕ್ಕ.

ಯಾರಪ್ಪನ ಸ್ವತ್ತೂ ಅಲ್ಲ

'ಇದೆಲ್ಲ ಐಐಟಿಯವರಿಗೆ ಸಾರ್, ನಮ್ಮಂಥ ಸರ್ಕಾರಿ ಶಾಲೆಯವರಿಗೆ ಎಲ್ಲಿ ಹತ್ತುತ್ತೆ?' ಈ ಮಾತು ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ. ನಿಜ, ಆಳಕ್ಕೆ ಇಳಿದರೆ ಗಣಿತ ಕಷ್ಟ ಇದೆ. ಸುಲಭ ಎಂದು ಸುಳ್ಳು ಹೇಳಿ ನಿಮ್ಮನ್ನು ಉಬ್ಬಿಸಲಾರೆ. ಆದರೆ ಬಾಗಿಲು ಎಲ್ಲಿದೆ ನೋಡಿ: ಸೈನ್, ಕೊಸೈನ್, ಬಹುಪದೋಕ್ತಿ, ಸಂಭವನೀಯತೆ. ಎಲ್ಲ ಪಿಯುಸಿ ಪುಸ್ತಕದಲ್ಲಿದೆ. ಇದುವರೆಗೆ ನಾನು ಹೇಳಿದ್ದೆಲ್ಲ ನಿಮಗೆ ಅರ್ಥವಾಗಿದ್ದರೆ, ಕನ್ನಡದಲ್ಲಿ ಅರ್ಥವಾಗಿದೆ. ಅಷ್ಟು ನೆನಪಿರಲಿ.

ಉಪಕರಣದ ನೆಪವೂ ಬೇಡ. ಟಿವಿ ನೋಡಲೆಂದು ಮಾಡಿದ ಪೆನ್‌ಡ್ರೈವ್ ಗಾತ್ರದ ಒಂದು ಸಾಧನವನ್ನು ರೇಡಿಯೊ ಸ್ವೀಕರಿಸುವ ಕಿವಿಯಾಗಿ ಬಳಸಬಹುದು ಎಂದು 2012ರ ಸುಮಾರಿಗೆ ಹವ್ಯಾಸಿಗಳು ಕಂಡುಕೊಂಡರು. ಆರ್‌ಟಿಎಲ್-ಎಸ್‌ಡಿಆರ್ ಎಂದು ಅದರ ಹೆಸರು. ಅದು ಕೊಡುವುದು ಬರೀ ಅಂಕಿಗಳ ಹೊಳೆ. ಉಳಿದದ್ದೆಲ್ಲ ಕಂಪ್ಯೂಟರಿನೊಳಗಿನ ಲೆಕ್ಕ. ಗ್ನೂ ರೇಡಿಯೊದಂಥ ತಂತ್ರಾಂಶಗಳು ಬಿಟ್ಟಿ ಸಿಗುತ್ತವೆ. ಎರಡು ಲೋಹದ ಕಡ್ಡಿಗಳ ಆಂಟೆನಾ ಹಿಡಿದು, ತಲೆಯ ಮೇಲೆ ಹಾದುಹೋಗುವ ರಷ್ಯಾದ ಮೀಟಿಯೋರ್ ಹವಾಮಾನ ಉಪಗ್ರಹಗಳಿಂದ 137 ಮೆಗಾಹರ್ಟ್ಸ್ ಸುಮಾರಿನಲ್ಲಿ ಮೋಡದ ಚಿತ್ರ ಪಡೆದ ಹವ್ಯಾಸಿಗಳು ಜಗತ್ತಿನ ತುಂಬ ಇದ್ದಾರೆ. ಆ ಚಿತ್ರ ಬಿಡಿಸುವಾಗ ಮೊದಲು ವಿಟರ್ಬಿ, ಆಮೇಲೆ ರೀಡ್-ಸೊಲೊಮನ್. ವಾಯೇಜರ್‌ಗೆ ಬಳಸಿದ ಅದೇ ಜೋಡಿ, ನಿಮ್ಮ ಮನೆಯ ತಾರಸಿಯ ಮೇಲೆ!

ಇನ್ನೂ ಮುಂದೆ ಹೋಗಿ ನೀವೇ ಸಿಗ್ನಲ್ ಕಳಿಸಬೇಕೆಂದರೆ ಹ್ಯಾಮ್ ಪರೀಕ್ಷೆ ಕಟ್ಟಿ ಪರವಾನಗಿ ಪಡೆಯಿರಿ. ಅಂಥವರಿಗೆಂದೇ ಇಸ್ರೋ 2005ರಲ್ಲಿ ಹ್ಯಾಮ್‌ಸ್ಯಾಟ್ ಎಂಬ ಪುಟ್ಟ ಉಪಗ್ರಹ ಹಾರಿಸಿತ್ತು. 2014ರವರೆಗೆ ಅದು ದುಡಿಯಿತು.

ಸಮಯ ಕೂಡ ನಿಮ್ಮನ್ನು ಕಾಯುತ್ತಿಲ್ಲ. 2025ರಲ್ಲಿ ಸ್ಟಾರ್‌ಲಿಂಕ್‌ಗೆ ಭಾರತದಲ್ಲಿ ಪರವಾನಗಿ ಸಿಕ್ಕಿತು. ಉಪಗ್ರಹದ ಇಂಟರ್ನೆಟ್ ಇನ್ನು ಹಳ್ಳಿಯ ಮಾಡಿನ ಮೇಲೂ ಬಂದು ಕೂರುವ ಕಾಲ. ಆಗ ನಾವು ಏನಾಗಿರುತ್ತೇವೆ? ತಟ್ಟೆ ಕಟ್ಟುವ ಕೂಲಿ, ತಿಂಗಳ ಬಾಡಿಗೆ ಕಟ್ಟುವ ಗಿರಾಕಿ, ಇಷ್ಟೆಯೇ? ಅಥವಾ ಆ ತಟ್ಟೆಯೊಳಗಿನ ಲೆಕ್ಕ ಬರೆಯುವವರೂ ನಮ್ಮ ನಡುವಿನಿಂದ ಏಳುತ್ತಾರೆಯೇ?

ಈ ಭಾನುವಾರ ಒಂದು ಕೆಲಸ ಮಾಡಿ. ಒಂಬತ್ತು ಅಂಕಿಯ ಆ ಆಟವನ್ನು ನಿಮ್ಮ ತಮ್ಮನಿಗೋ ತಂಗಿಗೋ ಕಲಿಸಿ. ಒಂದು ಅಂಕಿ ಕದ್ದು ತಿದ್ದಿ, ಹಿಡಿ ನೋಡೋಣ ಎನ್ನಿ. ಹಿಡಿದ ಮೇಲೆ ಎರಡು ಅಂಕಿ ಒಟ್ಟಿಗೆ ತಿದ್ದಿ. ಅವಳ ತಲೆ ಕೆಡುತ್ತದೆ. 'ಎರಡು ತಪ್ಪಿದರೆ ಹಿಡಿಯುವುದು ಹೇಗಣ್ಣ?' ಎಂದು ಕೇಳುತ್ತಾಳೆ. ರೀಡ್, ಸೊಲೊಮನ್ ಅವರ ಕೋಡ್ ಉತ್ತರ ಕೊಡುವುದು ಅಂಥ ಪ್ರಶ್ನೆಗೇ. ಅವಳಿಗೆ ಉತ್ತರ ಹೇಳುವಷ್ಟಾದರೂ ನೀವು ಓದಿಕೊಂಡಿರಿ.